ಏಪ್ರಿಲ್ 1: ಒಂದು ತಾರೀಖಿನ ಒಳಗಿನ ಕಥೆಗಳು

ಪತ್ರಿಕೆಗಳ ಒಂದು ಮೂಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ಪುಟ್ಟ ಪಟ್ಟಿ ಪ್ರಕಟವಾಗುವುದುಂಟು. ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹುಡುಗರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಯಾವನೋ ಅರಸ ಪಟ್ಟವೇರಿದ್ದು, ಯಾವುದೋ ಹಡಗು ಮುಳುಗಿದ್ದು, ಯಾರೋ ವಿಜ್ಞಾನಿ ಹುಟ್ಟಿದ್ದು, ಎಲ್ಲವೂ ಅಲ್ಲಿ ಒಂದರ ಕೆಳಗೊಂದು ನಿಂತಿರುತ್ತವೆ. ಇವಕ್ಕೂ ಅವಕ್ಕೂ ಇರುವ ಸಂಬಂಧ ತಾರೀಖು ಒಂದೇ ಎಂಬುದು ಮಾತ್ರ. ಆದರೂ ಓದುವಾಗ ಒಂದು ಕುತೂಹಲ ಹುಟ್ಟುತ್ತದೆ. ಇಷ್ಟೆಲ್ಲ ಒಂದೇ ದಿನ ನಡೆಯಲು ಕಾರಣವಾದರೂ ಏನು?

ಉದಾಹರಣೆಗೆ ಏಪ್ರಿಲ್ 1ನ್ನು ತೆಗೆದುಕೊಳ್ಳೋಣ. 1907ರಲ್ಲಿ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ್ದು ಆ ದಿನ. 1933ರಲ್ಲಿ ಭಾರತೀಯ ವಾಯುಪಡೆಯ ಮೊದಲ ತುಕಡಿ ರೂಪುಗೊಂಡದ್ದು ಆ ದಿನ. 1935ರಲ್ಲಿ ರಿಸರ್ವ್ ಬ್ಯಾಂಕು ಬಾಗಿಲು ತೆರೆಯಿತು. 1936ರಲ್ಲಿ ಒರಿಸ್ಸಾ ಮತ್ತು ಸಿಂಧ್ ಪ್ರಾಂತಗಳು ಹುಟ್ಟಿದವು. 1937ರಲ್ಲಿ ಬರ್ಮಾ ದೇಶ ಭಾರತದ ಆಡಳಿತದಿಂದ ಬೇರೆಯಾಯಿತು. 1957ರಲ್ಲಿ ಆಣೆ-ಪೈಗಳು ಹೋಗಿ ನಯಾ ಪೈಸೆ ಬಂದಿತು. 1973ರಲ್ಲಿ ನಮ್ಮ ಬಂಡೀಪುರವನ್ನೂ ಒಳಗೊಂಡ ಹುಲಿ ಯೋಜನೆ ಆರಂಭವಾಯಿತು. 2010ರಲ್ಲಿ ಮಕ್ಕಳ ಕಡ್ಡಾಯ ಶಿಕ್ಷಣದ ಹಕ್ಕು ಜಾರಿಗೆ ಬಂದಿತು.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಇನ್ನೊಂದು ಏಪ್ರಿಲ್ 1 ಇದೆ. 1943ರಲ್ಲಿ ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಬ್ಯಾಡಗಿ ಸೀಮೆಯ ಮೈಲಾರ ಮಹದೇವಪ್ಪನವರು ಮತ್ತು ಅವರ ಇಬ್ಬರು ಸಂಗಡಿಗರು ಪೊಲೀಸರ ಗುಂಡಿಗೆ ಬಲಿಯಾದ ದಿನ ಅದು. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಕಡೆಯವರಿಗೆ ಏಪ್ರಿಲ್ 1 ಎಂದರೆ ಮೊದಲು ನೆನಪಾಗಬೇಕಾದದ್ದು ಇದು. ಹೊರಗಿನವರಿಗೆ ಅದು ಮೂರ್ಖರ ದಿನ, ಇಲ್ಲವೇ ಬ್ಯಾಂಕಿನ ಲೆಕ್ಕದ ದಿನ. ಒಂದೇ ತಾರೀಖಿಗೆ ಸೇರಿದ ಘಟನೆಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನು ತಿಳಿಯಲು ಈ ತಾರೀಖಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಾಕತಾಳೀಯ

ಮೊದಲನೆಯದು ಬರಿಯ ಯೋಗಾಯೋಗ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಆ ಬಗೆಯದು. ವರ್ಷಕ್ಕೆ ಇರುವುದು 365 ದಿನ, ಹೆಚ್ಚೆಂದರೆ 366. ನಡೆದುಹೋದ ಸಂಗತಿಗಳು ಲಕ್ಷಾಂತರ. ಅಷ್ಟನ್ನೂ ಇಷ್ಟೇ ಮನೆಗಳಲ್ಲಿ ತುಂಬಬೇಕಾದರೆ ಒಂದೊಂದು ಮನೆಯಲ್ಲೂ ನೂರಾರು ಸೇರುವುದು ಸಹಜ. ಗಣಿತಜ್ಞರು ಇದಕ್ಕೊಂದು ಸೊಗಸಾದ ಲೆಕ್ಕ ಹೇಳುತ್ತಾರೆ. ಒಂದು ಕೋಣೆಯಲ್ಲಿ ಬರಿಯ 23 ಜನ ಸೇರಿದ್ದರೂ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. 57 ಜನರಿದ್ದರೆ ಅದು ನೂರಕ್ಕೆ 99. ಶಾಲೆಯ ಒಂದು ತರಗತಿಯಲ್ಲಿ ಒಂದೇ ದಿನ ಹುಟ್ಟಿದ ಇಬ್ಬರು ಸಿಕ್ಕರೆ ಅದರಲ್ಲಿ ಸೋಜಿಗವೇನೂ ಇಲ್ಲ. ಗಾಂಧೀಜಿ ಹಾಗೂ ಲಾಲ್ ಬಹಾದುರ್ ಶಾಸ್ತ್ರಿ ಇಬ್ಬರೂ ಅಕ್ಟೋಬರ್ 2ರಂದು ಹುಟ್ಟಿದರು ಎಂಬುದೂ ಇದೇ ಬಗೆಯ ಸಂಗತಿ.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಇನ್ನೊಂದು ಉದಾಹರಣೆ ಸಂಗೊಳ್ಳಿ ರಾಯಣ್ಣನದು. ರಾಯಣ್ಣನ ಜಯಂತಿಯೆಂದು ನಾಡು ಆಚರಿಸುವುದು ಆಗಸ್ಟ್ 15. ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಒಂದು ಸ್ವಾತಂತ್ರ್ಯದ ದಿನ, ಮತ್ತೊಂದು ಗಣರಾಜ್ಯದ ದಿನ. ಭಾಷಣಗಳಲ್ಲಿ ಈ ಮಾತು ಬಂದಾಗ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ಬೀಳಲಿ. ಆದರೆ ದಿಲ್ಲಿಯಲ್ಲಿ ಆ ಎರಡು ದಿನಗಳನ್ನು ಗೊತ್ತುಮಾಡಿದವರ ಮನಸ್ಸಿನಲ್ಲಿ ರಾಯಣ್ಣ ಇರಲಿಲ್ಲ. ಹಾಗೆಂದು ಅವನ ಬಲಿದಾನದ ತೂಕವೇನೂ ಕಡಿಮೆಯಾಗುವುದಿಲ್ಲ. ಅದಕ್ಕೆ ಜನವರಿ 26ರ ಆಸರೆ ಬೇಕಾಗಿಯೂ ಇಲ್ಲ.

ಹುಡುಕುತ್ತ ಹೋದರೆ ಇಂಥ ಹೊಂದಾಣಿಕೆಗಳಿಗೆ ಕೊನೆಯಿಲ್ಲ. 1943ರ ಏಪ್ರಿಲ್ 1 ಗುರುವಾರವಾಗಿತ್ತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಜೋರಾಗಿ ನಡೆಯುವುದು ಸೋಮವಾರ ಮತ್ತು ಗುರುವಾರ. ಇದರಲ್ಲಿ ಏನಾದರೂ ಗೂಢಾರ್ಥವಿದೆಯೇ? ಏನೂ ಇಲ್ಲ.

ಬೇಕೆಂದೇ ಆರಿಸಿದ ದಿನ

ಎರಡನೆಯ ಬಗೆ ಬೇರೆ. ಹಿಂದೆ ಒಂದು ಘಟನೆ ನಡೆದಿದೆ, ಅದರ ನೆನಪು ಉಳಿಯಲಿ ಎಂದು ಮುಂದಿನ ಕಾರ್ಯವನ್ನು ಅದೇ ದಿನಕ್ಕೆ ಇಟ್ಟುಕೊಳ್ಳುವುದು. ಇಲ್ಲಿ ತಾರೀಖು ಒಂದಾಗುವುದು ಆಕಸ್ಮಿಕವಲ್ಲ. ಮನುಷ್ಯರು ಕೂತು, ಯೋಚಿಸಿ ಮಾಡಿದ್ದು.

ಜನವರಿ 26 ಇದಕ್ಕೆ ಸ್ಪಷ್ಟ ಉದಾಹರಣೆ. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯವೇ ಗುರಿಯೆಂದು ಸಾರಿತು. ಮುಂದಿನ ತಿಂಗಳ ಕೊನೆಯ ಭಾನುವಾರ ದೇಶದ ಎಲ್ಲ ಕಡೆ ಜನ ಸೇರಿ ಪ್ರತಿಜ್ಞೆ ಮಾಡಬೇಕೆಂದು ನಿಶ್ಚಯವಾಯಿತು. 1930ರ ಜನವರಿಯ ಕೊನೆಯ ಭಾನುವಾರ 26ರಂದು ಬಂದಿತ್ತು, ಅಷ್ಟೇ. ಅಲ್ಲಿಂದ ಪ್ರತಿ ವರ್ಷ ಆ ದಿನ ಸ್ವಾತಂತ್ರ್ಯ ದಿನವೆಂದು ಆಚರಣೆ ನಡೆಯಿತು. ಸಂವಿಧಾನ 1949ರ ನವೆಂಬರ್ 26ರಂದೇ ಅಂಗೀಕಾರವಾದರೂ ಅದನ್ನು ಪೂರ್ತಿಯಾಗಿ ಜಾರಿಗೆ ತರಲು ಎರಡು ತಿಂಗಳು ಕಾದದ್ದು ಆ ಹಳೆಯ ಪ್ರತಿಜ್ಞೆಯ ದಿನಕ್ಕಾಗಿ. ಆಗಸ್ಟ್ 15ರ ಆಯ್ಕೆಗೆ ಮಾತ್ರ ನಮ್ಮ ಹೋರಾಟಕ್ಕೆ ಸಂಬಂಧಿಸದ ಕಾರಣವಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಶರಣಾದದ್ದು 1945ರ ಆಗಸ್ಟ್ 15ರಂದು. ಆ ರಣರಂಗದ ದಂಡನಾಯಕರಾಗಿದ್ದ ಮೌಂಟ್‌ಬ್ಯಾಟನ್ನರಿಗೆ ತಮ್ಮ ಗೆಲುವಿನ ದಿನ ಪ್ರಿಯವಾಗಿತ್ತು. ಅದೇ ಗೆಲುವಿನ ದಿನವನ್ನು ಕೊರಿಯಾದವರೂ ಬಿಡುಗಡೆಯ ದಿನವೆಂದು ಆಚರಿಸುತ್ತಾರೆ.

ಮೈಲಾರ ಮಹದೇವಪ್ಪನವರ ಹೆಸರು ದೇಶದ ಚರಿತ್ರೆಗೆ ಮೊದಲು ಸೇರಿದ್ದು ಇಂಥ ಒಂದು ಆರಿಸಿದ ದಿನದ ಮೂಲಕವೇ. ಪುಣೆ-ಬೆಂಗಳೂರು ಹೆದ್ದಾರಿಯಿಂದ ಬ್ಯಾಡಗಿಗೆ ತಿರುಗುವಲ್ಲಿ ಸಿಗುವ ಮೋಟೆಬೆನ್ನೂರಿನಲ್ಲಿ 1911ರ ಜೂನ್ 8ರಂದು ಅವರು ಹುಟ್ಟಿದರು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಎಳೆಯ ವಯಸ್ಸಿನಲ್ಲೇ ಖಾದಿಯ ಕೆಲಸಕ್ಕೆ ಇಳಿದ ಈ ಹುಡುಗ ಸಾಬರಮತಿ ಆಶ್ರಮ ಸೇರಿದ. 1930ರ ಮಾರ್ಚ್ 12ರಂದು ಗಾಂಧೀಜಿ ಉಪ್ಪಿನ ಕಾಯಿದೆ ಮುರಿಯಲು ಆಶ್ರಮದಿಂದ ದಂಡಿಯ ಕಡಲ ತೀರಕ್ಕೆ ಹೊರಟಾಗ ಅವರ ಜೊತೆ ಹೆಜ್ಜೆ ಹಾಕಲು ಆಯ್ಕೆಯಾದ 78 ಮಂದಿಯಲ್ಲಿ ಕರ್ನಾಟಕದವರೆಂದರೆ ಇವರೊಬ್ಬರೇ. ಸತ್ಯಾಗ್ರಹಿಗಳ ಪಟ್ಟಿಯಲ್ಲಿ ಅವರ ಹೆಸರು ಗುಜರಾತಿ ರೂಢಿಯಂತೆ ತಂದೆಯ ಹೆಸರಿನೊಂದಿಗೆ ‘ಮಹಾದೇವ ಮಾರ್ತಾಂಡ’ ಎಂದಿದೆ. ವಯಸ್ಸು 18.

ಈ ತಂಡ ದಂಡಿಯನ್ನು ಮುಟ್ಟಿದ್ದು ಏಪ್ರಿಲ್ 5ರಂದು. ಉಪ್ಪನ್ನು ಎತ್ತಿದ್ದು ಮರುದಿನ, ಏಪ್ರಿಲ್ 6ರ ಬೆಳಿಗ್ಗೆ. ಒಂದು ರಾತ್ರಿ ಕಾದದ್ದಕ್ಕೆ ಕಾರಣವಿತ್ತು. 1919ರ ಏಪ್ರಿಲ್ 6ರಂದು ರೌಲಟ್ ಕಾಯಿದೆಯ ವಿರುದ್ಧ ದೇಶದ ಉದ್ದಗಲಕ್ಕೂ ಹರತಾಳ ನಡೆದಿತ್ತು. ಅದಾದ ಒಂದೇ ವಾರಕ್ಕೆ, ಏಪ್ರಿಲ್ 13ರಂದು, ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನರಮೇಧ ನಡೆಯಿತು. ಅಲ್ಲಿಂದ ಮುಂದೆ ಏಪ್ರಿಲ್ 6ರಿಂದ 13ರವರೆಗಿನ ದಿನಗಳನ್ನು ರಾಷ್ಟ್ರೀಯ ಸಪ್ತಾಹವೆಂದು ಆಚರಿಸುತ್ತಿದ್ದರು. ಉಪ್ಪು ಎತ್ತಿದ್ದು ಆ ಸಪ್ತಾಹದ ಮೊದಲ ದಿನ. ಹನ್ನೊಂದು ವರ್ಷ ಹಿಂದಿನ ಹರತಾಳದ ನೆನಪಿನ ಮೇಲೆ ಹೊಸ ಹೋರಾಟವನ್ನು ನಿಲ್ಲಿಸಿದಂತಾಯಿತು.

ಇಲ್ಲಿ ಒಂದು ಮೋಜಿನ ಸಂಗತಿಯನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ಜನರ ಆದಾಯ ತೆರಿಗೆಯ ವರ್ಷ ಇಂದಿಗೂ ಏಪ್ರಿಲ್ 6ಕ್ಕೆ ಶುರುವಾಗುತ್ತದೆ. ಬ್ರಿಟಿಷರ ಉಪ್ಪಿನ ಕರವನ್ನು ಮುರಿಯಲು ಬ್ರಿಟಿಷರದೇ ಕರದ ಹೊಸ ವರ್ಷದ ದಿನವನ್ನು ಗಾಂಧೀಜಿ ಹುಡುಕಿದರು ಎಂದು ಯಾರಾದರೂ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ನಿಜವಲ್ಲ. ಗಾಂಧೀಜಿಯವರ ಏಪ್ರಿಲ್ 6 ಬಂದದ್ದು 1919ರ ಹರತಾಳದಿಂದ. ತಾರೀಖು ಒಂದೇ ಆದರೂ ಬಂದ ದಾರಿ ಬೇರೆ ಬೇರೆ. ದಾರಿಯನ್ನು ನೋಡದೆ ತಾರೀಖನ್ನು ಮಾತ್ರ ನೋಡಿದರೆ ಹೀಗೆ ಎಡವುವುದು ಸುಲಭ.

ಲೆಕ್ಕದ ದಿನ

ಈಗ ಏಪ್ರಿಲ್ 1ಕ್ಕೆ ಬರೋಣ. ಮೇಲಿನ ಪಟ್ಟಿಯಲ್ಲಿ ಸ್ವಾಮೀಜಿಯವರ ಜನನ ದೈವಯೋಗ. ಉಳಿದ ಎಷ್ಟೋ ಘಟನೆಗಳ ಹಿಂದೆ ಇರುವುದು ಸರಕಾರದ ಜಮಾ-ಖರ್ಚಿನ ಪುಸ್ತಕ.

ನಮ್ಮ ಹಳ್ಳಿ-ಪೇಟೆಗಳಲ್ಲಿ ವರ್ಷ ಹುಟ್ಟುವುದು ಒಂದೇ ಸಲವಲ್ಲ. ಪಂಚಾಂಗದ ವರ್ಷ ಯುಗಾದಿಗೆ. ರೈತನ ದುಡಿಮೆಯ ವರ್ಷ ಮುಂಗಾರಿನ ಮೊದಲ ಹದಕ್ಕೆ. ವ್ಯಾಪಾರಿಯ ವರ್ಷ ದೀಪಾವಳಿಗೆ, ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮಾಡಿ ಹೊಸ ಕಿರ್ದಿ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿದಾಗ. ಶಾಲೆಯ ವರ್ಷ ಜೂನ್ ತಿಂಗಳಿಗೆ. ಇವೆಲ್ಲದರ ಮೇಲೆ ಸರಕಾರದ ವರ್ಷ ಏಪ್ರಿಲ್ 1ಕ್ಕೆ. 1867ಕ್ಕೆ ಮೊದಲು ಅದೂ ಹೀಗಿರಲಿಲ್ಲ. ಮೇ 1ರಿಂದ ಏಪ್ರಿಲ್ 30ರವರೆಗೆ ಲೆಕ್ಕ ಹಿಡಿಯುತ್ತಿದ್ದರು. ಲಂಡನ್ನಿನ ಸರಕಾರದ ಲೆಕ್ಕಕ್ಕೆ ಹೊಂದಿಕೆಯಾಗಲೆಂದು ಆ ವರ್ಷ ಭಾರತದ ಹಣಕಾಸು ವರ್ಷವನ್ನೂ ಏಪ್ರಿಲ್ 1ಕ್ಕೆ ತಂದರು. ಆಳುವವರು ಹೋದರೂ ಅವರ ಲೆಕ್ಕದ ದಿನ ಉಳಿಯಿತು. ಮಳೆಯ ಗತಿ ತಿಳಿಯುವ ಮೊದಲೇ ಮುಂಗಡಪತ್ರ ಸಿದ್ಧಪಡಿಸುವುದು ಬೇಸಾಯದ ದೇಶಕ್ಕೆ ಸರಿಹೋಗುವುದಿಲ್ಲವೆಂಬ ವಾದ ಹಳೆಯದು. 1985ರಲ್ಲಿ ಎಲ್.ಕೆ. ಝಾ ಸಮಿತಿ ಹಣಕಾಸು ವರ್ಷವನ್ನು ಜನವರಿಗೆ ಬದಲಿಸಲು ಶಿಫಾರಸು ಮಾಡಿತ್ತು. ಸರಕಾರ ಒಪ್ಪಲಿಲ್ಲ. ವ್ಯಾಪಾರಿಗಳ ದೀಪಾವಳಿ ವರ್ಷಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಬಹುಕಾಲ ಮನ್ನಣೆಯಿತ್ತು. 1989-90ರ ತೆರಿಗೆ ನಿರ್ಧಾರ ವರ್ಷದಿಂದ ಅದೂ ನಿಂತು, ಎಲ್ಲರೂ ಮಾರ್ಚ್ 31ಕ್ಕೇ ಲೆಕ್ಕ ಮುಗಿಸಬೇಕಾಯಿತು.

ಹೊಸ ಪ್ರಾಂತವೊಂದು ಹುಟ್ಟಬೇಕಾದರೆ ಅದಕ್ಕೆ ಖಜಾನೆ ಬೇಕು, ಸಂಬಳದ ಪಟ್ಟಿ ಬೇಕು, ಹಳೆಯ ಪ್ರಾಂತದೊಂದಿಗೆ ಆಸ್ತಿ-ಸಾಲದ ಹಂಚಿಕೆ ಆಗಬೇಕು. ಇದನ್ನೆಲ್ಲ ಲೆಕ್ಕದ ವರ್ಷದ ನಡುವೆ ಮಾಡುವುದಕ್ಕಿಂತ ಹೊಸ ಪುಟದಲ್ಲಿ ಆರಂಭಿಸುವುದು ಸುಲಭ. ಹೊಸ ಪ್ರಾಂತ, ಹೊಸ ಬ್ಯಾಂಕು, ಹೊಸ ನಾಣ್ಯ, ಹೊಸ ಕಾಯಿದೆಗಳೆಲ್ಲ ಸಾಲಾಗಿ ಏಪ್ರಿಲ್ 1ಕ್ಕೆ ಬಂದು ಕೂರುವುದಕ್ಕೆ ಕಾರಣ ಇದು. 2025ರಲ್ಲಿ ಸಂಸತ್ತು ಒಪ್ಪಿದ ಹೊಸ ಆದಾಯ ತೆರಿಗೆ ಕಾಯಿದೆಗೆ ಗೊತ್ತುಮಾಡಿದ ದಿನವೂ 2026ರ ಏಪ್ರಿಲ್ 1.

ಇದೇ ಜಾತಿಯ ಇನ್ನೊಂದು ತಾರೀಖು ನಮ್ಮ ಮನೆಮನೆಗಳಲ್ಲೇ ಇದೆ. ಹಿರಿಯರ ಶಾಲಾ ದಾಖಲೆಗಳನ್ನು ತೆಗೆದು ನೋಡಿದರೆ ಎಷ್ಟೋ ಜನರ ಜನ್ಮದಿನಾಂಕ ಜೂನ್ 1. ಊರಿನಲ್ಲಿ ಅರ್ಧದಷ್ಟು ಮಂದಿ ಒಂದೇ ದಿನ ಹುಟ್ಟಿದ್ದರೇ? ಜೂನ್‌ನಲ್ಲಿ ಶಾಲೆಗೆ ಸೇರಿಸಲು ಬಂದ ತಂದೆಗೆ ಮಗ ಹುಟ್ಟಿದ್ದು ‘ಕಾರಹುಣ್ಣಿಮೆ ಮುಂದೆ’ ಎಂದೋ ‘ದೊಡ್ಡ ಮಳೆ ಬಂದ ವರ್ಷ’ ಎಂದೋ ಗೊತ್ತಿತ್ತು. ತಾರೀಖು ಗೊತ್ತಿರಲಿಲ್ಲ. ಮಾಸ್ತರರು ವಯಸ್ಸು ಕೂಡಿಬರುವಂತೆ ಜೂನ್ 1 ಎಂದು ಬರೆದುಕೊಂಡರು. ಮೇ 31ರಂದು ಕಚೇರಿಗಳಲ್ಲಿ ಸಾಲುಸಾಲಾಗಿ ನಿವೃತ್ತಿಯ ಹಾರ-ತುರಾಯಿ ನಡೆಯುವುದರ ಗುಟ್ಟು ಇದು. ಆ ತಾರೀಖಿನಿಂದ ತಿಳಿದುಬರುವುದು ಶಾಲೆಯ ದಾಖಲಾತಿ ಪುಸ್ತಕದ ಅನುಕೂಲ ಮಾತ್ರ.

ಲೆಕ್ಕದ ದಿನವೆಂದ ಮಾತ್ರಕ್ಕೆ ಅದು ಒಣ ಸಂಗತಿಯೆಂದು ತಿಳಿಯಬಾರದು. 1936ರ ಏಪ್ರಿಲ್ 1ನ್ನೇ ನೋಡಿ. ಆಗ ಧಾರವಾಡ ಜಿಲ್ಲೆ, ಅದರೊಳಗೆ ಇಂದಿನ ಹಾವೇರಿ ಜಿಲ್ಲೆಯ ಊರುಗಳು ಮುಂಬಯಿ ಪ್ರಾಂತದಲ್ಲಿದ್ದವು. ಅದೇ ಪ್ರಾಂತಕ್ಕೆ ಸೇರಿದ್ದ ಸಿಂಧ್ ಅಂದು ಬೇರೆಯಾಯಿತು. ಒಡಿಯಾ ಮಾತಾಡುವವರಿಗೆ ಭಾಷೆಯ ಆಧಾರದ ಮೇಲೆ ಒಂದು ಪ್ರಾಂತ ದೊರೆಯಿತು. ಇಂದಿಗೂ ಅವರು ಏಪ್ರಿಲ್ 1ನ್ನು ಉತ್ಕಲ ದಿವಸವೆಂದು ಸಂಭ್ರಮಿಸುತ್ತಾರೆ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲೇ ಹುಟ್ಟಿತ್ತು. ಏಕೀಕರಣದ ಕೂಗೂ ಎದ್ದಿತ್ತು. ಆದರೆ ಮುಂಬಯಿ ಪ್ರಾಂತದ ಕನ್ನಡಿಗರು ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. 1956ರ ನವೆಂಬರ್ 1ರಂದು ಬ್ಯಾಡಗಿ ಮೈಸೂರು ರಾಜ್ಯಕ್ಕೆ ಸೇರಿತು. ಅದಾದ ಐದೇ ತಿಂಗಳಿಗೆ ನಾಣ್ಯವೂ ಬದಲಾಯಿತು.

ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ ಎಂಬ ಲೆಕ್ಕ 1957ರ ಏಪ್ರಿಲ್ 1ರಂದು ನೂರು ನಯಾ ಪೈಸೆಯಾಯಿತು. ನಾಲ್ಕಾಣೆಗೆ 25, ಎಂಟಾಣೆಗೆ 50 ಎಂಬುದು ಸರಿ. ಒಂದಾಣೆಗೆ ಆರೂಕಾಲು ಪೈಸೆ ಎಂದಾಗ ಸಂತೆಯಲ್ಲಿ ಆ ಕಾಲು ಪೈಸೆ ಯಾರದು? ಸೊಪ್ಪು ಮಾರುವವಳಿಗೂ ಕೊಳ್ಳುವವಳಿಗೂ ಇದು ತಲೆನೋವಿನ ಪ್ರಶ್ನೆಯೇ ಆಗಿತ್ತು. ಮರುವರ್ಷದಿಂದ ಹಂತಹಂತವಾಗಿ ಮಣ-ಸೇರುಗಳೂ ಹೋಗಿ ಕಿಲೋಗ್ರಾಮು ಬಂದಿತು. ನಾಣ್ಯದ ಮೇಲಿನ ‘ನಯಾ’ ಎಂಬ ಮಾತು 1964ರಲ್ಲಿ ಅಳಿಸಿಹೋಯಿತು, ನಮ್ಮ ಮಾತಿನಲ್ಲಿ ಮಾತ್ರ ಉಳಿಯಿತು. ಕೈಯಲ್ಲಿ ಒಂದು ನಯಾ ಪೈಸೆ ಇಲ್ಲ ಎಂದು ಈಗಿನ ಹುಡುಗರೂ ಹೇಳುತ್ತಾರೆ.

ಏಪ್ರಿಲ್ 1 ಕೊಟ್ಟಂತೆ ಕಸಿದುಕೊಂಡದ್ದೂ ಉಂಟು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಅದೇ ದಿನ ಬರೋಡಾ ಬ್ಯಾಂಕನ್ನು ಸೇರಿತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು, ಒಂದು ಕೆನರಾ ಬ್ಯಾಂಕಿನೊಳಗೆ, ಇನ್ನೊಂದು ಯೂನಿಯನ್ ಬ್ಯಾಂಕಿನೊಳಗೆ ಹೋದವು. ನಾಲ್ಕು ವರ್ಷಗಳೊಳಗೆ ಕರ್ನಾಟಕದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಇಲ್ಲವಾದದ್ದು ಒಂದೇ ತಾರೀಖಿನಂದು. ಇದೂ ಯೋಗಾಯೋಗವಲ್ಲ. ಹಳೆಯ ಖಾತೆ ಮುಚ್ಚಿ ಹೊಸದನ್ನು ತೆರೆಯಲು ಅದೇ ತಕ್ಕ ದಿನ.

ಹೊಸರಿತ್ತಿಯ ಏಪ್ರಿಲ್ 1

ಹಾಗಾದರೆ ಮಹದೇವಪ್ಪನವರ ಏಪ್ರಿಲ್ 1 ಈ ಮೂರರಲ್ಲಿ ಯಾವ ಬಗೆಯದು?

ದಂಡಿಯಾತ್ರೆಯ ನಂತರ ಸೆರೆವಾಸ ಅನುಭವಿಸಿ ಬಂದ ಅವರು ಊರ ಕಡೆಗೆ ಮರಳಿದರು. ವರದಾ ನದಿಯ ಸೀಮೆಯಲ್ಲಿ, ಹಾವೇರಿ ತಾಲ್ಲೂಕಿನ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ನೂಲು, ಖಾದಿ, ಗ್ರಾಮೋದ್ಯೋಗದ ಕೆಲಸಕ್ಕೆ ನಿಂತರು. ಪತ್ನಿ ಸಿದ್ಧಮ್ಮನವರೂ ಸಾಬರಮತಿಯಲ್ಲಿದ್ದು ಬಂದವರು, ಸೆರೆಮನೆ ಕಂಡವರು. 1942ರ ಆಗಸ್ಟಿನಲ್ಲಿ ಚಲೇಜಾವ್ ಚಳವಳಿ ಶುರುವಾಗಿ ಹಿರಿಯ ನಾಯಕರೆಲ್ಲ ಬಂಧನಕ್ಕೊಳಗಾದಾಗ ಹಳ್ಳಿಗಳಲ್ಲಿ ಹೋರಾಟ ಭೂಗತವಾಗಿ ಮುಂದುವರಿಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಚಾವಡಿಯ ದಫ್ತರಗಳಿಗೆ ಬೆಂಕಿ ಬಿತ್ತು, ಟಪಾಲು ಚೀಲಗಳು ಕಾಣೆಯಾದವು, ರೈಲು ನಿಲ್ದಾಣಗಳು ಸುಟ್ಟವು. ಸರಕಾರದ ಆಡಳಿತ ನಡೆಯುವುದೇ ಕಾಗದ-ಪತ್ರ ಮತ್ತು ಕಂದಾಯದ ಮೇಲೆ ಎಂಬುದನ್ನು ಹಳ್ಳಿಯ ಹೋರಾಟಗಾರರು ಚೆನ್ನಾಗಿ ಬಲ್ಲವರಾಗಿದ್ದರು.

1943ರ ಆರಂಭದ ಹೊತ್ತಿಗೆ ಚಳವಳಿಯ ಕಾವು ಅನೇಕ ಕಡೆ ಇಳಿದಿತ್ತು. ಆಗಾ ಖಾನ್ ಅರಮನೆಯ ಬಂಧನದಲ್ಲಿದ್ದ ಗಾಂಧೀಜಿ ಫೆಬ್ರುವರಿ 10ರಿಂದ 21 ದಿನಗಳ ಉಪವಾಸ ಮುಗಿಸಿದ್ದರು. ಮಹದೇವಪ್ಪನವರ ತಂಡ ಮಾತ್ರ ಸುಮ್ಮನಾಗಿರಲಿಲ್ಲ. ಸುಗ್ಗಿ ಮುಗಿದು ರೈತರಿಂದ ವಸೂಲಾದ ಕಂದಾಯದ ಹಣವನ್ನು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿಟ್ಟು ಪೊಲೀಸರ ಕಾವಲು ಹಾಕಿದ್ದರು. ಏಪ್ರಿಲ್ 1ರಂದು ತಂಡ ಅಲ್ಲಿಗೆ ನುಗ್ಗಿತು. ಕಾವಲಿನವರು ಗುಂಡು ಹಾರಿಸಿದರು. ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರು ಪ್ರಾಣ ಬಿಟ್ಟರು. ಮಹದೇವಪ್ಪನವರಿಗೆ ಆಗ 31 ವರ್ಷ, 32 ತುಂಬಲು ಎರಡು ತಿಂಗಳಿತ್ತು.

ಸರಕಾರದ ಲೆಕ್ಕದ ಹೊಸ ವರ್ಷದ ಮೊದಲ ದಿನ, ಸರಕಾರದ ಕಂದಾಯದ ಹಣದ ಮುಂದೆ ಈ ಮೂವರು ಬಿದ್ದರು. ಆ ದಿನವೆಂದೇ ಗುರಿಯಿಟ್ಟು ಹೊರಟರು ಎಂದು ಬರೆದುಬಿಟ್ಟರೆ ಅದು ಕಥೆ ಕಟ್ಟಿದಂತಾಗುತ್ತದೆ. ಆದರೆ ಲೆಕ್ಕದ ದಿನಗಳ ಪಟ್ಟಿಯ ನಡುವೆ ಈ ಸಾವನ್ನು ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಪಟ್ಟಿಯಲ್ಲಿರುವ ರಿಸರ್ವ್ ಬ್ಯಾಂಕು, ಹೊಸ ಪ್ರಾಂತ, ಹೊಸ ಆಡಳಿತ ಎಲ್ಲಕ್ಕೂ ಆಧಾರವಾಗಿದ್ದದ್ದು ಹಳ್ಳಿಯ ರೈತ ಕಟ್ಟಿದ ಕರ. ಆ ಕರವನ್ನು ಕೇಳುವ ಹಕ್ಕು ನಿಮಗಿಲ್ಲ ಎಂದು ಹೇಳಿದವರ ಏಪ್ರಿಲ್ 1 ಪಟ್ಟಿಯಿಂದ ಹೊರಗೇ ಉಳಿದಿದೆ. ಹದಿಮೂರು ವರ್ಷ ಹಿಂದೆ ದಂಡಿಯಲ್ಲಿ ಮುರಿದದ್ದು ಉಪ್ಪಿನ ಕರ. ಹೊಸರಿತ್ತಿಯಲ್ಲಿ ಎದುರಿಸಿದ್ದು ಭೂಮಿಯ ಕರ. ಈ ಎರಡು ದಿನಗಳನ್ನು ಕೂಡಿಸುವುದು ಒಂದೇ ಜೀವನದ ಒಂದೇ ಹಟ. ಅವುಗಳ ತಾರೀಖು ಒಂದಲ್ಲದಿದ್ದರೂ ಸಂಬಂಧ ಗಟ್ಟಿಯಾದದ್ದು.

ತಾರೀಖೋ, ತಿಥಿಯೋ?

ನಮ್ಮ ಹಿರಿಯರು ಸತ್ತವರನ್ನು ನೆನೆಯುತ್ತಿದ್ದದ್ದು ತಾರೀಖಿನಿಂದ ಅಲ್ಲ. ಪುಣ್ಯತಿಥಿ ಎಂಬ ಮಾತೇ ಅದನ್ನು ಹೇಳುತ್ತದೆ. ಚಂದ್ರನ ಗತಿಯನ್ನು ಹಿಡಿದ ತಿಥಿ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬರುತ್ತದೆ. ಸುಮಾರು 19 ವರ್ಷಕ್ಕೊಮ್ಮೆ ತಿಥಿ ಮತ್ತು ತಾರೀಖು ಮತ್ತೆ ಹತ್ತಿರಕ್ಕೆ ಬಂದು ನಿಲ್ಲುತ್ತವೆ. ಗುಜರಾತಿನಲ್ಲಿ ಗಾಂಧೀಜಿಯವರ ಹುಟ್ಟುಹಬ್ಬವನ್ನು ಅಕ್ಟೋಬರ್ 2ಕ್ಕೆ ಆಚರಿಸುವಂತೆ ಭಾದ್ರಪದ ಬಹುಳ ದ್ವಾದಶಿಯಂದು ಚರಕದ ಹನ್ನೆರಡನೆಯ ದಿನವೆಂದೂ ಆಚರಿಸುವ ರೂಢಿಯಿದೆ.

ಪಂಚಾಂಗದ ಪ್ರಕಾರ 1943ರ ಏಪ್ರಿಲ್ 1 ಚಿತ್ರಭಾನು ಸಂವತ್ಸರದ ಫಾಲ್ಗುಣ ಬಹುಳದ ಕೊನೆಯ ದಿನಗಳಲ್ಲಿ ಬಂದಿತ್ತು. ಸ್ವಭಾನು ಸಂವತ್ಸರದ ಯುಗಾದಿಗೆ ಇದ್ದದ್ದು ಇನ್ನು ನಾಲ್ಕು ದಿನ. ಸರಕಾರದ ವರ್ಷ ಅಂದೇ ಹುಟ್ಟಿತ್ತು. ಊರಿನ ವರ್ಷ ಇನ್ನೂ ಮುಗಿದಿರಲಿಲ್ಲ. ಮನೆಗಳಲ್ಲಿ ಹಬ್ಬದ ಸಿದ್ಧತೆ ನಡೆಯಬೇಕಾದ ಹೊತ್ತಿನಲ್ಲಿ ವರದಾ ತೀರದ ಹಳ್ಳಿಗಳಿಗೆ ಮೂರು ಸಾವುಗಳ ಸುದ್ದಿ ಬಂದಿತು. ಆ ವರ್ಷದ ಬೇವು-ಬೆಲ್ಲದಲ್ಲಿ ಬೇವಿನ ಪಾಲೇ ಹೆಚ್ಚಾಗಿದ್ದಿರಬೇಕು. ತಾರೀಖಿನ ಪಟ್ಟಿ ಇದನ್ನು ತಿಳಿಸುವುದಿಲ್ಲ. ಮೂರ್ಖರ ದಿನ, ಲೆಕ್ಕದ ದಿನ ಎಂಬ ಗುರುತುಗಳು ಇಂಗ್ಲಿಷ್ ಕ್ಯಾಲೆಂಡರಿನವು. ಅದರ ಪಕ್ಕದಲ್ಲಿ ಪಂಚಾಂಗವನ್ನಿಟ್ಟಾಗಲೇ ಆ ದಿನದಲ್ಲಿ ಬದುಕಿದ್ದ ಜನ ಕಣ್ಣಿಗೆ ಕಾಣುತ್ತಾರೆ.

ಪಟ್ಟಿ ಮಾಡುವವರು ಯಾರು?

ಮಹದೇವಪ್ಪನವರನ್ನು ನಾಡು ಮರೆತಿಲ್ಲ. ಹಾವೇರಿಯಲ್ಲಿ ಹುತಾತ್ಮರ ನೆನಪಿಗೆ ವೀರಸೌಧವಿದೆ. ಅಲ್ಲಿನ ರೈಲು ನಿಲ್ದಾಣಕ್ಕೆ ಮಹದೇವಪ್ಪನವರ ಹೆಸರಿಟ್ಟಿದ್ದಾರೆ. 2018ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯೂ ಬಂದಿತು. ಕಲ್ಲು, ಹೆಸರು, ಚೀಟಿ ಎಲ್ಲವೂ ಆಗಿವೆ. ಆಗಬೇಕಾದದ್ದು ಇನ್ನೂ ಸಣ್ಣದು, ಖರ್ಚಿಲ್ಲದ್ದು. ‘ಇತಿಹಾಸದಲ್ಲಿ ಈ ದಿನ’ ಎಂದು ಹುಡುಗರು ಓದುವ ಪಟ್ಟಿಯಲ್ಲಿ ಆ ಮೂವರ ಹೆಸರು ಸೇರಬೇಕು, ಮೂರನ್ನೂ ಒಟ್ಟಿಗೇ ಓದಬೇಕು. ತಿರಕಪ್ಪ ಮತ್ತು ವೀರಯ್ಯನವರನ್ನು ‘ಇನ್ನಿಬ್ಬರು’ ಎಂದು ಮುಗಿಸುವ ಅಭ್ಯಾಸ ನಿಲ್ಲಬೇಕು.

ಈ ಪಟ್ಟಿಗಳನ್ನು ಯಾರೋ ಎಲ್ಲೋ ಕೂತು ಮಾಡಿರುತ್ತಾರೆ. ಅವರ ಕಣ್ಣಿಗೆ ಬಿದ್ದದ್ದು ಇತಿಹಾಸವಾಗುತ್ತದೆ, ಬೀಳದ್ದು ಊರಿನ ಮಾತಾಗಿ ಉಳಿದು ಕ್ರಮೇಣ ಮರೆಯುತ್ತದೆ. ಒಂದೊಂದು ಶಾಲೆಯೂ ತನ್ನ ಸುತ್ತಲಿನ ಹತ್ತು ಹಳ್ಳಿಗಳ ದಿನಗಳನ್ನು ಗುರುತುಹಾಕಿಕೊಳ್ಳುವುದು ಕಷ್ಟದ ಕೆಲಸವಲ್ಲ. ಕೆರೆ ಕಟ್ಟಿದ್ದು, ಶಾಲೆ ತೆರೆದದ್ದು, ನೆರೆ ಬಂದದ್ದು, ಊರಿನ ಮೊದಲ ಹುಡುಗಿ ಮೆಟ್ರಿಕ್ ಮುಗಿಸಿದ್ದು, ಇವೆಲ್ಲ ಅದರಲ್ಲಿ ಬರಬಹುದು. ಗುರುತು ಹಾಕುವಾಗ ಪ್ರತಿ ದಿನದ ಮುಂದೆ ಒಂದು ಪ್ರಶ್ನೆ ಕೇಳಿಕೊಂಡರಾಯಿತು. ಇದು ತಾನಾಗಿ ಬಂದ ದಿನವೇ, ನೆನಪಿಗಾಗಿ ಆರಿಸಿದ್ದೇ, ಕಚೇರಿಯ ಅನುಕೂಲಕ್ಕೆ ಗೊತ್ತುಮಾಡಿದ್ದೇ? ಆ ಪ್ರಶ್ನೆ ಕೇಳಲು ಕಲಿತ ಮಗುವಿಗೆ ಏಪ್ರಿಲ್ 1ರಂದು ಯಾರು ಯಾರನ್ನು ಏಮಾರಿಸಿದರು ಎಂಬುದಕ್ಕಿಂತ ಹೆಚ್ಚಿನದೇನೋ ತಿಳಿದಿರುತ್ತದೆ.